ರಾತ್ರಿ ಒಂಬತ್ತೂವರೆಗೆ ಮುಗಿಯುವ ದಿನ

(ದೋಹಾದ ಅಲ್ ಸದ್ದ್‌ನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಕರಪತ್ರದಲ್ಲಿ ಸಂಜೆ ಐದೂವರೆ ಎಂದಿತ್ತು. ನಾವು ದೀಪ ಹಚ್ಚಿದಾಗ ಆರು ಗಂಟೆ ಹತ್ತು ನಿಮಿಷ. ಸಂಘಟಕರನ್ನು ದೂರುತ್ತಿಲ್ಲ. ಸಿ ರಿಂಗ್ ರಸ್ತೆಯ ಸಂಜೆಯ ಗತಿ ಎಲ್ಲರಿಗೂ ಗೊತ್ತು, ಅದಕ್ಕೆ ಹೆದರಿಯೇ ನಾನು ಮೆಟ್ರೋದಲ್ಲಿ ಬಂದೆ. ಆದರೆ ಐದೂ ಇಪ್ಪತ್ತಕ್ಕೇ ಬಂದು ಮುಂದಿನ ಸಾಲಿನಲ್ಲಿ ಕೂತ ನಾಲ್ಕೈದು ಜನರನ್ನು ನಾನು ಅಷ್ಟೂ ಹೊತ್ತು ಗಮನಿಸುತ್ತಿದ್ದೆ. 'ಇನ್ನೊಂದು ಹತ್ತು ನಿಮಿಷ ನೋಡೋಣ, ಜನ ಬರಲಿ' ಎಂದು ಮೈಕಿನಲ್ಲಿ ಮೂರನೆಯ ಸಲ ಕೇಳಿದಾಗ ಅವರಲ್ಲೊಬ್ಬರು ಗಡಿಯಾರ ನೋಡಿಕೊಂಡು, ಪಕ್ಕದವರ ಕಡೆ ತಿರುಗಿ ನಕ್ಕರು. ಹೊತ್ತಿಗೆ ಸರಿಯಾಗಿ ಬಂದು ತಪ್ಪು ಮಾಡಿದೆವು ಎನ್ನುವ ನಗು ಅದು. ಇವತ್ತಿನ ನನ್ನ ವಿಷಯಕ್ಕೆ ಆ ನಗು ಬೇಕಿತ್ತು.

ದತ್ತಿ ಉಪನ್ಯಾಸವೆಂದರೆ ಕಾವ್ಯವೋ ವಚನವೋ ಇರುತ್ತದೆಂದು ಬಂದವರಿಗೆ ನಿರಾಸೆಯಾಗಬಹುದು. ನಾನು ಲೆಕ್ಕ ಬರೆದು ಬದುಕಿದವನು. ಆದರೂ ಯೋಚಿಸಿ ನೋಡಿ, ದತ್ತಿ ಎಂಬುದೇ ಬ್ಯಾಂಕಿನಲ್ಲಿಟ್ಟ ಒಂದು ಗಂಟು. ಅದರ ಬಡ್ಡಿಯಲ್ಲಿ ನನಗೊಂದು ಶಾಲು, ನಿಮಗೆ ಚಹಾ. ಆ ಬಡ್ಡಿಗೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕು, ಒಪ್ಪಿಸುವುದಕ್ಕೂ ಒಂದು ಕೊನೆಯ ದಿನವಿದೆ. ಹಾಗಾಗಿ ತೆರಿಗೆಯ ಗಡುವು ಈ ಸಭೆಗೆ ಹೊರಗಿನ ಮಾತಲ್ಲ.

'ಇಲ್ಲಿ ತೆರಿಗೆಯೇ ಇಲ್ಲವಲ್ಲ' ಎಂದು ನೀವು ಹೇಳಬಹುದು. ಕತಾರಿನಲ್ಲಿ ನಮ್ಮ ಸಂಬಳದ ಮೇಲೆ ಇಲ್ಲ, ನಿಜ. ಆದರೆ ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಮನೆ ಬಾಡಿಗೆಗೆ ಕೊಟ್ಟವರು, ಬ್ಯಾಂಕಿನಲ್ಲಿ ಠೇವಣಿ ಇಟ್ಟವರು, ಸೈಟು ಮಾರಿದವರು ಈ ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚಿದ್ದೀರಿ. ಇನ್ನು ಇಲ್ಲೇ ಪಾಲುದಾರಿಕೆಯಲ್ಲಿ ಅಂಗಡಿ, ಹೋಟೆಲು, ಗುತ್ತಿಗೆ ನಡೆಸುವವರಿಗೆ ಲಾಭದ ತಮ್ಮ ಪಾಲಿನ ಮೇಲೆ ಶೇಕಡಾ 10 ಇದ್ದೇ ಇದೆ. ಅವರು ಲೆಕ್ಕ ಸಲ್ಲಿಸುವ ಪೋರ್ಟಲ್ಲಿನ ಹೆಸರು 'ದರೀಬಾ'. ಅರಬ್ಬಿಯಲ್ಲಿ ಹಾಗೆಂದರೆ ತೆರಿಗೆ ಎಂದೇ ಅರ್ಥ.

ಈ ಊರಿನಲ್ಲಿ ನಿಂತು ಒಂದು ಮಾತು ಹೇಳಲೇಬೇಕು. 'ತೆರು' ನಮ್ಮದು, 'ತೆರಿಗೆ' ನಮ್ಮದು. ಆದರೆ ಕಟ್ಟುವಾಗಿನ, ಕಟ್ಟದೆ ಉಳಿದಾಗಿನ ಮಾತುಗಳೆಲ್ಲ ಎಲ್ಲಿಂದ ಬಂದವು? ಬಾಕಿ, ವಸೂಲಿ, ಜಮಾ, ತಾರೀಖು, ಮುದ್ದತು, ವಾಯಿದೆ, ಅರ್ಜಿ, ರಿಯಾಯಿತಿ, ಮಾಫಿ. ಒಂದೊಂದೂ ಅರಬ್ಬಿಯ ನೆಲದಿಂದ ಹೊರಟು, ಫಾರ್ಸಿಯ ದಫ್ತರಗಳನ್ನು ಹಾದು, ಬಿಜಾಪುರದ ಸುಲ್ತಾನರು, ಪೇಶ್ವೆಯವರು, ಹೈದರಾಲಿ ಇವರೆಲ್ಲರ ಕಚೇರಿಗಳನ್ನು ಸುತ್ತಿ ಶಾನುಭೋಗರ ಕಡತಕ್ಕೆ ಬಂದವು. ಇಲ್ಲಿಗೆ ಬಂದ ಹೊಸತರಲ್ಲಿ ಕಚೇರಿಯ ಕಿಟಕಿಯ ಹಿಂದಿನಿಂದ 'ಬಾಕಿ' ಎನ್ನುವುದನ್ನು ಕೇಳಿ ನನಗೆ ಹುಬ್ಬಳ್ಳಿಯ ತಹಶೀಲ್ದಾರ ಕಚೇರಿಯಲ್ಲೇ ನಿಂತಂತಾಗಿತ್ತು.

ಇವುಗಳಲ್ಲಿ ಒಂದು ಮಾತು ನನಗೆ ಹೆಚ್ಚು ಇಷ್ಟ, ಕಿಸ್ತು. ನಮಗೆ ಅದು ಕಂತು ಮಾತ್ರ. ಅರಬ್ಬಿಯ 'ಕಿಸ್ತ್'ಗೆ ಎರಡು ಅರ್ಥ: ಒಂದು ಪಾಲು, ಕಂತು, ಇನ್ನೊಂದು ನ್ಯಾಯ. ಸರಿಯಾಗಿ ತೂಗಿ ಕೊಟ್ಟದ್ದು ಎಂಬ ಒಂದೇ ಬೇರಿನಿಂದ ಎರಡೂ ಚಿಗುರಿವೆ. ಬರುವಾಗ ಕಂತು ನಮ್ಮ ಕಡೆಗೆ ಬಂತು, ನ್ಯಾಯ ದಾರಿಯಲ್ಲೆಲ್ಲೋ ಉಳಿಯಿತು.

ಇನ್ನೊಂದು ಮಾತು ಕಂದಾಯ. ಯುಗಾದಿಯ ದಿನ ಪಂಚಾಂಗ ಓದಿಸಿಕೊಂಡವರಿಗೆ 'ಕಂದಾಯ ಫಲ' ಗೊತ್ತಿರುತ್ತದೆ. ಇಪ್ಪತ್ತೇಳು ನಕ್ಷತ್ರಗಳ ಮುಂದೆ ಮೂರು ಮೂರು ಅಂಕಿ. ವರ್ಷವನ್ನು ಮೂರು ಭಾಗ ಮಾಡಿದರೆ ಒಂದೊಂದು ಭಾಗ ನಾಲ್ಕು ತಿಂಗಳು, ಆ ನಾಲ್ಕು ತಿಂಗಳೇ ಒಂದು ಕಂದಾಯ. ತೆರಿಗೆ ಎಂಬ ಅರ್ಥದ ಜೊತೆಗೇ ಕಾಲದ ಅಳತೆಯೂ ಆ ಮಾತಿನಲ್ಲಿದೆ. ಈಗ ಕಾನೂನು ನೋಡಿ. ಕತಾರಿನ 2018ರ 24ನೆಯ ಕಾನೂನಿನಂತೆ ಲೆಕ್ಕದ ವರ್ಷ ಮುಗಿದ ನಾಲ್ಕು ತಿಂಗಳೊಳಗೆ ರಿಟರ್ನ್ ಸಲ್ಲಿಸಬೇಕು; ಡಿಸೆಂಬರ್ 31ಕ್ಕೆ ಲೆಕ್ಕ ಮುಗಿಸಿದವರಿಗೆ ಏಪ್ರಿಲ್ 30. ಭಾರತದಲ್ಲಿ ಮಾರ್ಚ್ 31ಕ್ಕೆ ವರ್ಷ ಮುಗಿದರೆ, ಲೆಕ್ಕಪರಿಶೋಧನೆ ಬೇಕಿಲ್ಲದ ನಮ್ಮಂಥವರಿಗೆ ಜುಲೈ 31. ಅದೂ ನಾಲ್ಕೇ ತಿಂಗಳು. ಇದು ಕಾಕತಾಳೀಯ, ಇದರಿಂದ ಏನನ್ನೂ ಸಾಧಿಸಲು ಹೊರಟಿಲ್ಲ. ಒಂದು ಕಂದಾಯ ಸಾಕೇ ಎಂದು ಕೇಳಿದರೆ ಸಾಕು ಎನ್ನುತ್ತೇನೆ. ನನ್ನ ತಕರಾರು ಆ ಕಂದಾಯದ ಕೊನೆಯ ರಾತ್ರಿಯ ಬಗ್ಗೆ.

2023ರ ಜುಲೈ 31, ಸೋಮವಾರ. ಇದೇ ಅಲ್ ಸದ್ದ್‌ನಲ್ಲಿ, ಎರಡು ರಸ್ತೆ ಆಚೆ ನನ್ನ ಕೋಣೆ. ಗೋಡೆಯ ಗಡಿಯಾರದಲ್ಲಿ 9:10. ಕೆಳಗಿನ ಕರಕ್ ಚಹಾದ ಅಂಗಡಿಯ ಮುಂದೆ ಕಾರುಗಳು ಹಾರ್ನ್ ಹೊಡೆದು ಕಪ್ಪು ಕೇಳುತ್ತಿವೆ, ಊರಿಗೆ ಇನ್ನೂ ಸಂಜೆ. ಹುಬ್ಬಳ್ಳಿಯಲ್ಲಿ ಮಾತ್ರ 11:40. ನಮ್ಮ ದಿನ ಅವರ ದಿನಕ್ಕಿಂತ ಎರಡೂವರೆ ತಾಸು ಹಿಂದೆ. ಅಂದರೆ ಇಲ್ಲಿ ಕೂತು ಭಾರತದ ರಿಟರ್ನ್ ಸಲ್ಲಿಸುವವನಿಗೆ ಜುಲೈ 31 ರಾತ್ರಿ ಒಂಬತ್ತೂವರೆಗೇ ಮುಗಿಯುತ್ತದೆ. ನಾನು ಇನ್ನೂರು ಜನರ ಲೆಕ್ಕ ಬರೆದವನು, ನನ್ನದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಕಮ್ಮಾರನ ಮನೆಯಲ್ಲಿ ಕುಡುಗೋಲು ಮೊಂಡು.

ಬಾಡಿಗೆಯ ಲೆಕ್ಕದಲ್ಲಿ ಸ್ವಲ್ಪ ತೆರಿಗೆ ಬಾಕಿ ಇತ್ತು. ಮೊದಲು ಅದನ್ನು ಕಟ್ಟಬೇಕು, ಚಲನ್ ಸಂಖ್ಯೆ ಬರಬೇಕು, ಅದನ್ನು ತುಂಬಿ ರಿಟರ್ನ್ ಕಳಿಸಬೇಕು. ದುಡ್ಡು ಕಟ್ಟಲು ಬ್ಯಾಂಕಿನ ಓಟಿಪಿ. ಓಟಿಪಿ ಬರುವುದು ಊರಿನ ಸಿಮ್ಮಿಗೆ. ಆ ಸಿಮ್ಮು ಇರುವುದು ಅವ್ವನ ಹತ್ತಿರ.

'ಅವ್ವಾ, ಸಣ್ಣ ಫೋನು ತಗೊಂಡು ಕೂಡು, ನಂಬರ ಬರ್ತೈತಿ.'

'ಈಗ? ಹನ್ನೆರಡು ಹೊಡಿಲಿಕ್ಕೆ ಬಂತಲ್ಲೋ.'

'ನಿನಗ ಹನ್ನೆರಡು. ನನಗ ಇನ್ನೂ ಊಟ ಆಗಿಲ್ಲ.'

'ಬಂತ ನೋಡು. ಆರು, ಸೊನ್ನಿ, ನಾಕು... ತಡಿ, ಚಾಳೀಸ ಎಲ್ಲಿಟ್ಟೆ.'

ಚಾಳೀಸು ಸಿಗುವ ಹೊತ್ತಿಗೆ ಆ ಓಟಿಪಿಯ ಆಯುಸ್ಸು ಮುಗಿದಿತ್ತು. ಎರಡನೆಯದು ಕೇಳಿದೆ. ಅವ್ವ ಮೊದಲಿನದನ್ನೇ ಓದಿದಳು. ಮೂರನೆಯದು ಸರಿಹೋಯಿತು. 11:54ಕ್ಕೆ ನನ್ನ ಖಾತೆಯಿಂದ ದುಡ್ಡು ಹೋಯಿತು ಎಂದು ಮೆಸೇಜು ಬಂತು, ಅದನ್ನೂ ಅವ್ವನೇ ಓದಿದಳು. ಪರದೆಯ ಮೇಲೆ ಮಾತ್ರ ಒಂದು ಚಕ್ರ ತಿರುಗುತ್ತಲೇ ಇತ್ತು. ಚಲನ್ ಕೈಗೆ ಬಂದಾಗ ಊರಿನಲ್ಲಿ ಆಗಸ್ಟ್ 1 ಹುಟ್ಟಿ ಆರು ನಿಮಿಷವಾಗಿತ್ತು. ಚಲನ್ನಿನ ಮೇಲೆ ತಾರೀಖು ಜುಲೈ 31. ರಿಟರ್ನಿನ ಮೇಲೆ ಆಗಸ್ಟ್ 1. ತೆರಿಗೆ ವಾಯಿದೆಯೊಳಗೆ ಸಂದಾಯವಾಗಿದೆ, ಅದನ್ನು ಕಟ್ಟಿದವನು ಮಾತ್ರ ತಡವಾಗಿ ಬಂದಿದ್ದಾನೆ! ಆದಾಯ ತೆರಿಗೆ ಕಾಯ್ದೆಯ ಕಲಂ 234ಎಫ್ ಪ್ರಕಾರ 5,000 ರೂಪಾಯಿ ಕಟ್ಟಿದೆ. ಬ್ಯಾಂಕಿನ ಹೆಸರು ಹೇಳುವುದಿಲ್ಲ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ, ಜೂನ್ ತಿಂಗಳು ಪೂರ್ತಿ ಖಾಲಿ ಇತ್ತು.

ಆದರೆ ಆ ಹನ್ನೆರಡು ನಿಮಿಷ ನನ್ನದಲ್ಲ. ದುಡ್ಡು ನನ್ನ ಕೈ ಬಿಟ್ಟಾಗಿತ್ತು, ಸರ್ಕಾರದ ಕೈ ಸೇರಿರಲಿಲ್ಲ. ನಡುವಿನ ಆ ದಾರಿ ಯಾರದು?

ಇದು ಹಳೆಯ ಪ್ರಶ್ನೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಪ್ರಭಾಕರ ಕಂದೀಲು ಇರುತ್ತಿತ್ತು, ಒಗಲೆಯವರ ಕಾರ್ಖಾನೆಯದು. ಆ ಒಗಲೆ ಗ್ಲಾಸ್ ವರ್ಕ್ಸ್ ಸರ್ಕಾರಕ್ಕೆ ಕಂದೀಲು ಮಾರಿ ದೆಹಲಿಯಿಂದ ಅಂಚೆಯಲ್ಲಿ ಚೆಕ್ಕು ಪಡೆಯುತ್ತಿತ್ತು. ದುಡ್ಡು ಸಂದಾಯವಾದದ್ದು ದೆಹಲಿಯಲ್ಲೋ ಕಾರ್ಖಾನೆಯಿದ್ದ ಔಂಧ್ ಸಂಸ್ಥಾನದಲ್ಲೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ 1954ರಲ್ಲಿ ತೀರ್ಮಾನವಾಯಿತು. ಪಡೆಯುವವನೇ ಅಂಚೆಯಲ್ಲಿ ಕಳಿಸು ಎಂದು ಕೇಳಿದ್ದರೆ ಅಂಚೆಯವನು ಪಡೆಯುವವನ ಆಳು. ಅಂಚೆಗೆ ಹಾಕಿದ ಕ್ಷಣ ದುಡ್ಡು ಸಂದಂತೆ. ಚೆಕ್ಕು ಮುಂದೆ ನಗದಾದರೆ ಸಂದಾಯದ ದಿನ ಚೆಕ್ಕು ಕೊಟ್ಟ ದಿನವೇ. ಆ ಪ್ರಕರಣ ಗೆದ್ದದ್ದು ತೆರಿಗೆ ಇಲಾಖೆ, ಕಂದೀಲಿನವರಲ್ಲ. ಇಲಾಖೆಯೇ ಗೆದ್ದುಕೊಂಡ ಈ ನ್ಯಾಯವನ್ನು ಇವತ್ತಿಗೆ ಹಚ್ಚಿ ನೋಡಿ. ಆನ್‌ಲೈನಿನಲ್ಲೇ ಕಟ್ಟು ಎಂದು ಕೇಳಿದವರು ಯಾರು? ಪೋರ್ಟಲ್ಲು ಯಾರದು, ಪಟ್ಟಿಯಲ್ಲಿ ಯಾವ ಬ್ಯಾಂಕು ಇರಬೇಕೆಂದು ಗೊತ್ತುಮಾಡಿದವರು ಯಾರು? ಹಾಗಾದರೆ ಆ ದಾರಿಯಲ್ಲಿ ಓಡಾಡುವ ಅಂಚೆಯವನು ಯಾರ ಆಳು?

ಜಿಎಸ್‌ಟಿ ಕಾನೂನು ಇದಕ್ಕೆ ಉಲ್ಟಾ ಉತ್ತರ ಕೊಟ್ಟಿದೆ. 49ನೆಯ ಕಲಮಿನ ವಿವರಣೆಯ ಪ್ರಕಾರ ಬ್ಯಾಂಕಿನಲ್ಲಿ ಸರ್ಕಾರದ ಖಾತೆಗೆ ಜಮಾ ಆದ ದಿನವೇ ಕಟ್ಟಿದ ದಿನ. ವ್ಯಾಪಾರಿಯ ಖಾತೆಯಿಂದ 20ನೇ ತಾರೀಖು ಹೋಗಿ 21ಕ್ಕೆ ತಲುಪಿದರೆ ಒಂದು ದಿನದ ಬಡ್ಡಿ ವ್ಯಾಪಾರಿಯದು. ಬ್ಯಾಂಕುಗಳ ನಡುವೆ ದುಡ್ಡು ಕಳಿಸಲು ಹಗಲು ರಾತ್ರಿಯ ಭೇದವಿಲ್ಲ ಎಂದಾಗಿ ವರ್ಷಗಳಾದವು. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ ಇಪ್ಪತ್ನಾಲ್ಕು ತಾಸೂ ನಡೆಯುತ್ತಿವೆ. ಇಷ್ಟಾದ ಮೇಲೂ ದಾರಿಯಲ್ಲಿ ತಡವಾಯಿತೆಂದರೆ ಆ ತಡ ಕಟ್ಟುವವನ ತಲೆಯ ಮೇಲೆ ಏಕೆ ಬೀಳಬೇಕು?

ರಿಟರ್ನಿನ ದಾರಿಯೂ ಹಾಗೇ. ಓಟಿಪಿಯ ಸಹವಾಸ ಬೇಡವೆಂದು ಒಂದು ಹಾಳೆಗೆ ಸಹಿ ಹಾಕಿ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸುವ ಉಪಾಯ ಇನ್ನೂ ಇದೆ. ದೇಶದ ಮೂಲೆಮೂಲೆಯ ಆದಾಯ ತೆರಿಗೆ ರಿಟರ್ನುಗಳೆಲ್ಲ ನಮ್ಮ ಬೆಂಗಳೂರಿನ ಕೇಂದ್ರಕ್ಕೇ ಬಂದು ಬೀಳುತ್ತವೆ ಎಂಬುದು ಕನ್ನಡಿಗರು ಹೆಮ್ಮೆಪಡಬೇಕೋ ಬೈಸಿಕೊಳ್ಳಬೇಕೋ ತಿಳಿಯದ ಸಂಗತಿ. ಮೊದಲು ಇದಕ್ಕೆ 120 ದಿನ ಇತ್ತು, 2022ರ ಆಗಸ್ಟ್ 1ರಿಂದ 30 ದಿನ. ಸ್ಪೀಡ್ ಪೋಸ್ಟಿಗೆ ಕೊಟ್ಟ ದಿನ ಲೆಕ್ಕವಾಗುತ್ತಿದ್ದದ್ದು ಈಗ ಬೆಂಗಳೂರಿಗೆ ತಲುಪಿದ ದಿನ ಲೆಕ್ಕವಾಗಿದೆ. ದೋಹಾದಿಂದ ಹಾಕುವವನಿಗೆ ಈ ಎರಡರ ನಡುವೆ ಎಷ್ಟು ದಿನ ಹೋಗುತ್ತವೆ ಎಂದು ನಿಮಗೆ ಹೇಳಬೇಕಿಲ್ಲ.

ದಾರಿಯ ಮಾತಾಯಿತು, ಈಗ ಬಾಗಿಲಿನ ಮಾತು. 1897ರ ಜನರಲ್ ಕ್ಲಾಸಸ್ ಆಕ್ಟ್ ಎಂಬ ಸಣ್ಣ ಕಾನೂನಿದೆ. ಅದರ ಹತ್ತನೆಯ ಕಲಂ ಬಹಳ ಸಜ್ಜನಿಕೆಯದು: ಕೊನೆಯ ದಿನ ಕೋರ್ಟು ಅಥವಾ ಕಚೇರಿ ಮುಚ್ಚಿದ್ದರೆ, ಅದು ತೆರೆದ ಮುಂದಿನ ದಿನ ಮಾಡಿದ ಕೆಲಸ ವಾಯಿದೆಯೊಳಗೇ ಆದಂತೆ. ಬಾಗಿಲಿಗೆ ಬೀಗ ಹಾಕಿ 'ನೀನು ಯಾಕೆ ಬರಲಿಲ್ಲ' ಎಂದು ಕೇಳಬಾರದು ಎಂಬಷ್ಟೇ ಅದರ ಅರ್ಥ. ಆ ಕಾಲದ ಕಚೇರಿಗೆ ಬಾಗಿಲಿತ್ತು, ಜವಾನನಿದ್ದ, ಬೀಗ ಎಲ್ಲರ ಕಣ್ಣಿಗೆ ಕಾಣುತ್ತಿತ್ತು. ಪೋರ್ಟಲ್ಲಿಗೆ ಶಟರ್ ಇಲ್ಲ. ಅದು ಮುಚ್ಚುವುದಿಲ್ಲ, ಸುಮ್ಮನೆ ಒಳಗೆ ಬಿಡುವುದಿಲ್ಲ. ನನ್ನ ಪರದೆಯಲ್ಲಿ ಚಕ್ರ ತಿರುಗುವಾಗ ಪಕ್ಕದ ಮನೆಯವರದು ಸಲೀಸಾಗಿ ಹೋಗುತ್ತಿರುತ್ತದೆ. ಮುಚ್ಚಿತ್ತು ಎಂದು ನಾನು ಹೇಳಿದರೆ ತೆರೆದಿತ್ತು ಎಂದು ಅವರು ಹೇಳುತ್ತಾರೆ, ಇಬ್ಬರದೂ ನಿಜ.

ಇಂಥ ಜಗಳ ಎಷ್ಟು ದೂರ ಹೋಗಬಹುದು? 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಹಳೆಯ ತೆರಿಗೆಯಲ್ಲಿ ಉಳಿದಿದ್ದ ಜಮೆಯನ್ನು ಹೊಸ ಖಾತೆಗೆ ತರಲು ಟ್ರಾನ್-1 ಎಂಬ ನಮೂನೆ ತುಂಬಬೇಕಿತ್ತು. ಕೊನೆಯ ದಿನ 2017ರ ಡಿಸೆಂಬರ್ 27. ಎಷ್ಟೋ ವ್ಯಾಪಾರಿಗಳ ನಮೂನೆ ಪೋರ್ಟಲ್ಲಿನ ಹೊಟ್ಟೆಯೊಳಗೆ ಇಳಿಯಲೇ ಇಲ್ಲ. ಮರುವರ್ಷ ಒಂದು ನಿಯಮ ಸೇರಿಸಿ, ತಾಂತ್ರಿಕ ತೊಂದರೆಯಾದವರಿಗೆ ಮಾತ್ರ ಮತ್ತೆ ಅವಕಾಶ ಎಂದರು. ತೊಂದರೆಯಾಗಿತ್ತೆಂದು ತೋರಿಸಬೇಕಾದವನು ಯಾರು? ಅಂಗಡಿಯವನು. ಆ ರಾತ್ರಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ ಜಾಣ ಒಂದು ಕಡೆ, ಮೂರು ಸಲ ಒತ್ತಿ ನೋಡಿ ಅಂಗಡಿಯ ದೀಪ ಆರಿಸಿ ಮನೆಗೆ ಹೋದವನು ಇನ್ನೊಂದು ಕಡೆ. ಹೈಕೋರ್ಟುಗಳ ಮುಂದೆ ಅರ್ಜಿಗಳು ರಾಶಿ ಬಿದ್ದವು. ಕೊನೆಗೆ 2022ರ ಜುಲೈ 22ರಂದು ಸುಪ್ರೀಂ ಕೋರ್ಟು ಫಿಲ್ಕೋ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಪೋರ್ಟಲ್ಲನ್ನು ಎಲ್ಲರಿಗೂ ಎರಡು ತಿಂಗಳು ತೆರೆಯಲು ಹೇಳಿತು. ಅಕ್ಟೋಬರ್, ನವೆಂಬರಿನಲ್ಲಿ ಅದು ತೆರೆಯಿತು. ಒಂದು ರಾತ್ರಿಯ ತಂಟೆ ತೀರಲು ಐದು ವರ್ಷಕ್ಕೆ ಒಂದೇ ತಿಂಗಳು ಕಡಿಮೆ. ಅಷ್ಟರಲ್ಲಿ ಎಷ್ಟು ಅಂಗಡಿಗಳ ಬಂಡವಾಳ ಆ ಜಮೆಯಲ್ಲಿ ಸಿಕ್ಕಿಕೊಂಡು ಕೂತಿತ್ತೋ.

ನನ್ನ ಮಾತು ಇಷ್ಟೇ. ಬಾಗಿಲು ಯಾರದೋ, ಅದು ತೆರೆದಿತ್ತೆಂದು ತೋರಿಸುವ ಹೊಣೆ ಅವರದು. ಪೋರ್ಟಲ್ಲಿನ ಪ್ರತಿ ನಿಮಿಷದ ದಿನಚರಿ ಅದರ ಯಜಮಾನನ ಹತ್ತಿರ ಇರುತ್ತದೆ; ಎಷ್ಟು ಜನ ತಟ್ಟಿದರು, ಎಷ್ಟು ಜನ ಒಳಗೆ ಹೋದರು, ಯಾರು ಯಾವ ಪುಟದಲ್ಲಿ ಸಿಕ್ಕಿಬಿದ್ದರು ಎಂಬುದೆಲ್ಲ ಅದರಲ್ಲಿದೆ. ಬಡ ವ್ಯಾಪಾರಿಯ ಹತ್ತಿರ ಇರುವುದು ಒಂದು ಫೋನು. ಆ ದಿನಚರಿಯನ್ನು ಕೊನೆಯ ವಾರ ದಿನಾ ಪ್ರಕಟಿಸಲಿ. ಇಂತಿಷ್ಟು ತಾಸಿಗಿಂತ ಹೆಚ್ಚು ಹೊತ್ತು ಒಳಗೆ ಬಿಡಲಿಲ್ಲವೆಂದು ಕಂಡರೆ ಯಾರ ಅರ್ಜಿಯನ್ನೂ ಕಾಯದೆ ಗಡುವು ಒಂದು ದಿನ ತಾನೇ ಮುಂದೆ ಹೋಗಲಿ. 1897ರ ಆ ಹತ್ತನೆಯ ಕಲಮಿಗೆ ಒಂದು ಸಾಲು ಸೇರಿಸಿದರೆ ಸಾಕು. ಅದಕ್ಕೆ ಬೇಕಾದ ತಳಹದಿಯೂ ಇದೆ: 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೆಯ ಕಲಂ, ಕಳಿಸಿದವನ ಹಿಡಿತ ತಪ್ಪಿ ಬೇರೆ ಕಂಪ್ಯೂಟರಿಗೆ ಹೋದ ಕ್ಷಣವೇ ದಾಖಲೆ ರವಾನೆಯಾದಂತೆ ಎಂದು ಇಪ್ಪತ್ತೈದು ವರ್ಷದ ಹಿಂದೆಯೇ ಹೇಳಿದೆ.

ಮುಂದೆ ಹೋಗಲಿ ಎಂದೆ. ಇಲ್ಲೇ ನನಗೆ ಮುಂದಿನ ಸಾಲಿನ ನಗು ನೆನಪಾಗುವುದು.

2025ರಲ್ಲಿ ರಿಟರ್ನಿನ ನಮೂನೆಗಳು ತಡವಾಗಿ ಬಂದವು. ಬದಲಾವಣೆ ಬಹಳವಿದೆ, ಸಿದ್ಧತೆಗೆ ಹೊತ್ತು ಬೇಕು ಎಂದು ಮೇ 27ರಂದೇ ಜುಲೈ 31ನ್ನು ಸೆಪ್ಟೆಂಬರ್ 15ಕ್ಕೆ ಒಯ್ದರು. ಎರಡು ತಿಂಗಳು ಮೊದಲೇ ಹೇಳಿದರು, ಕಾರಣ ಕೊಟ್ಟು ಹೇಳಿದರು. ಗಡುವು ಮುಂದೂಡುವ ಸರಿಯಾದ ರೀತಿ ಅದು, ಹೊಗಳಲೇಬೇಕು. ಆಮೇಲೆ ಸೆಪ್ಟೆಂಬರ್ ಬಂತು. ಹದಿನಾಲ್ಕರಂದು, ಗಡುವು 30ಕ್ಕೆ ಹೋಗಿದೆ ಎಂಬ ಸುಳ್ಳು ಸುದ್ದಿ ಹರಡಿತು, ಇಲಾಖೆ ಅದನ್ನು ಅಲ್ಲಗಳೆಯಿತು. ಹದಿನೈದರ ಸೋಮವಾರ ಪೋರ್ಟಲ್ಲು ಏದುಸಿರು ಬಿಡುತ್ತಿದೆ ಎಂದು ದೇಶದ ತುಂಬ ಗೋಳು. ಆ ಹೊತ್ತಿಗೆ 7.3 ಕೋಟಿ ರಿಟರ್ನುಗಳು ಬಂದಿದ್ದವು. ನಡುರಾತ್ರಿ ಇನ್ನೇನು ಹೊಡೆಯಬೇಕು ಎನ್ನುವಾಗ ಪ್ರಕಟಣೆ ಬಂತು, ಇನ್ನೊಂದು ದಿನ, ಸೆಪ್ಟೆಂಬರ್ 16ರವರೆಗೆ. ಜೊತೆಗೊಂದು ಒಕ್ಕಣೆ: ಬದಲಾವಣೆ ಮಾಡಿಕೊಳ್ಳಲು ಪೋರ್ಟಲ್ಲು ರಾತ್ರಿ 12ರಿಂದ 2:30ರವರೆಗೆ ದುರಸ್ತಿಯಲ್ಲಿರುತ್ತದೆ.

ಆ ಎರಡೂವರೆ ತಾಸು ನಮ್ಮ ಗಡಿಯಾರದಲ್ಲಿ ಎಷ್ಟಕ್ಕೆ ಬಿತ್ತು ನೋಡಿ. ಒಂಬತ್ತೂವರೆಯಿಂದ ಹನ್ನೆರಡು. ಕೆಲಸ ಮುಗಿಸಿ, ಉಂಡು, ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪು ತೆರೆಯುವ ಹೊತ್ತು ಅದು. ಅಲ್ ಸದ್ದ್‌ನವನಿಗೆ ಹದಿನೈದನೆಯ ತಾರೀಖಿನಲ್ಲಿ ಉಳಿದಿದ್ದದ್ದೇ ಅಷ್ಟು, ಅಷ್ಟೂ ಬೀಗ.

ಕೊನೆಯ ಗಳಿಗೆಯಲ್ಲಿ ಬರುವ ಈ ಕರುಣೆ ನನಗೆ ಹಿಡಿಸುವುದಿಲ್ಲ. ಅದನ್ನು ನಂಬಿ ಕೂತವನು ಗೆಲ್ಲುತ್ತಾನೆ. ರಜೆ ಹಾಕಿ, ಇಬ್ಬರನ್ನು ಕಾಡಿ, ಹದಿನೈದಕ್ಕೆ ಮುಗಿಸಿದವನು ಪಕ್ಕದವನ ಕಡೆ ತಿರುಗಿ ನಗುತ್ತಾನೆ. ಮುಂದಿನ ವರ್ಷ ಅವನೂ ಕಾಯುತ್ತಾನೆ. ಹೀಗೆ ಪ್ರತಿ ಮುಂದೂಡಿಕೆ ಮುಂದಿನ ವರ್ಷದ ನೂಕುನುಗ್ಗಲನ್ನು ತಾನೇ ಬಿತ್ತುತ್ತದೆ. ನಮ್ಮ ಲೆಕ್ಕಪರಿಶೋಧಕ ಮಿತ್ರರು ಇದಕ್ಕೆ ಒಪ್ಪುವುದಿಲ್ಲ, ಅವರ ಕಷ್ಟ ಬೇರೆ. ಅದೇ ಸೆಪ್ಟೆಂಬರಿನಲ್ಲಿ ಕರ್ನಾಟಕ ರಾಜ್ಯ ಚಾರ್ಟರ್ಡ್ ಅಕೌಂಟೆಂಟರ ಸಂಘ ನಮ್ಮ ಹೈಕೋರ್ಟಿಗೆ ಹೋಯಿತು. ತಂತ್ರಾಂಶಗಳು ತಡವಾಗಿ ಬಂದಿವೆ, ಲೆಕ್ಕಪರಿಶೋಧನೆಯ ವರದಿಗೆ ಸೆಪ್ಟೆಂಬರ್ 30 ಎಂದರೆ ಆಗುವುದಿಲ್ಲ ಎಂಬ ವಾದ. ರಾಜಸ್ಥಾನ ಹೈಕೋರ್ಟಿನ ಹಾಗೆಯೇ ಕರ್ನಾಟಕ ಹೈಕೋರ್ಟೂ ಅಕ್ಟೋಬರ್ 31ರವರೆಗೆ ಹೊತ್ತು ಕೊಡಿ ಎಂದಿತು, ನೇರ ತೆರಿಗೆ ಮಂಡಳಿಯೂ ಕೊಟ್ಟಿತು, ಆಮೇಲೆ ಅದನ್ನೂ ನವೆಂಬರ್ 10ಕ್ಕೆ ಮುಂದೂಡಿತು. ಅವರ ವಾದದಲ್ಲಿ ಹುರುಳಿದೆ. ಕಣ ಮಾಡಿಕೊಡದೆ ಒಕ್ಕಣೆ ಮುಗಿಯಿತೇ ಎಂದು ಕೇಳುವುದು ಯಾವ ನ್ಯಾಯ? ಆದರೆ ಅದಕ್ಕೆ ಮದ್ದು ಪ್ರತಿ ವರ್ಷ ಹೈಕೋರ್ಟಿನ ಮೆಟ್ಟಿಲಲ್ಲ. ಕಾನೂನಿನಲ್ಲೇ ಬರೆದುಬಿಡಲಿ: ನಮೂನೆ ಪೋರ್ಟಲ್ಲಿಗೆ ಬಂದ ದಿನದಿಂದ ಇಂತಿಷ್ಟು ದಿನ. ಅವರು ತಡ ಮಾಡಿದಷ್ಟು ದಿನ ಗಡುವು ತನ್ನಷ್ಟಕ್ಕೆ ಸರಿಯುತ್ತದೆ. ಯಾರೂ ಬೇಡಬೇಕಿಲ್ಲ, ಯಾರೂ ದಯಪಾಲಿಸಬೇಕಿಲ್ಲ. ನಡುರಾತ್ರಿಯ ಪ್ರಕಟಣೆಗೂ ಕೆಲಸ ಇರುವುದಿಲ್ಲ.

ನಾನು ಧಾರವಾಡ ಜಿಲ್ಲೆಯವನು. ನಮ್ಮ ಕಡೆ ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದ ಕರದ ನೆನಪು ಇನ್ನೂ ಹಸಿಯಾಗಿದೆ. ಮಲಪ್ರಭಾ ಕಾಲುವೆಯ ನೀರು ಎಷ್ಟೋ ಹೊಲಗಳಿಗೆ ಮುಟ್ಟುವ ಮೊದಲೇ ರೈತರಿಂದ ಅಭಿವೃದ್ಧಿ ಕರ ಕೇಳಲಾಯಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದ ರೈತರ ಪ್ರತಿಭಟನೆ ಗೋಲಿಬಾರಿನಲ್ಲಿ ಮುಗಿಯಿತು. ಅದನ್ನು ಓಟಿಪಿಯ ಪಕ್ಕ ಇಟ್ಟು ತೂಗುವುದು ಅತಿಯಾಗುತ್ತದೆ, ಗೊತ್ತು. ಆದರೂ ನನ್ನ ಕಡೆಯ ಜನಕ್ಕೆ ಕರ ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ಮೊದಲು ನೋಯಿಸಿತು.

ಕತಾರಿನ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ತಡವಾದ ರಿಟರ್ನಿಗೆ ದಿನಕ್ಕೆ 500 ರಿಯಾಲ್ ದಂಡ, 1,80,000ದವರೆಗೆ. 2009ರ ಕಾನೂನಿನಲ್ಲಿ ಅದು ದಿನಕ್ಕೆ 100, ಮಿತಿ 36,000 ಇತ್ತು. ಒಂದೇ ಏಟಿಗೆ ಐದು ಪಟ್ಟು. ತೆರಿಗೆಯನ್ನೇ ತಡ ಮಾಡಿದರೆ ತಿಂಗಳಿಗೆ ಶೇಕಡಾ 2 ಬೇರೆ. ಆ ಶೇಕಡಾ 2ರ ಬಗ್ಗೆ ನನ್ನ ತಕರಾರಿಲ್ಲ, ಅದು ಬಾಕಿಯನ್ನು ನೋಡಿ ಬೆಳೆಯುತ್ತದೆ, ಬಾಕಿಯಷ್ಟಕ್ಕೇ ನಿಲ್ಲುತ್ತದೆ. 500 ಮಾತ್ರ ಮುಖ ನೋಡುವುದಿಲ್ಲ. ಗೋಪುರ ಕಟ್ಟುವ ಕಂಪನಿಗೂ ಅಷ್ಟೇ, ನಷ್ಟದಲ್ಲಿರುವ ದರ್ಜಿ ಅಂಗಡಿಗೂ ಅಷ್ಟೇ. ಹತ್ತು ದಿನ ತಡವಾದರೆ ಆ ದರ್ಜಿಯ ಒಂದು ತಿಂಗಳ ಬಾಡಿಗೆ ಹೋಯಿತು. ಭಾರತದ ಜಿಎಸ್‌ಟಿ ಕೂಡ ಮೊದಲು ದಿನಕ್ಕೆ 200 ರೂಪಾಯಿ ಎಂದು ಹೊರಟು, ಜನ ಬಾಯಿ ಬಡಿದುಕೊಂಡ ಮೇಲೆ 50ಕ್ಕೆ, ವಹಿವಾಟೇ ಇಲ್ಲದವರಿಗೆ 20ಕ್ಕೆ ಇಳಿಯಿತು. ಇಲ್ಲಿನ ತೆರಿಗೆ ಪ್ರಾಧಿಕಾರ ಇನ್ನೊಂದು ದಾರಿ ಹಿಡಿಯಿತು. 2025ರ ಮಾರ್ಚ್ 1ರಿಂದ ದಂಡ ನೂರಕ್ಕೆ ನೂರು ಮಾಫಿ ಎಂದು ಆರು ತಿಂಗಳ ಅವಕಾಶ ಕೊಟ್ಟು, ಅದನ್ನು ವರ್ಷದ ಕೊನೆಯವರೆಗೂ ಬೆಳೆಸಿತು. ನಮ್ಮವರು ಹಲವರು ಅದರಿಂದ ಉಸಿರಾಡಿದರು. ಹಿಂದಿನ ವರ್ಷವೇ ಸಾಲ ಮಾಡಿ ದಂಡ ಕಟ್ಟಿದ ಒಬ್ಬರು ಮಾತ್ರ ನನ್ನ ಮೇಜಿನ ಮುಂದೆ ಕೂತು, 'ಸರ್, ನಾನು ಕಟ್ಟಬಾರದಿತ್ತೇನು?' ಎಂದು ಕೇಳಿದರು. ಏನು ಹೇಳಲಿ, ಚಹಾ ತರಿಸಿದೆ.

ಗಡುವು ನಮಗೊಂದೇ ಏಕೆ ಎಂಬುದು ನನ್ನ ದೊಡ್ಡ ಪ್ರಶ್ನೆ. ನಾನು ಭಾರತದ ಆದಾಯ ತೆರಿಗೆ ಇಲಾಖೆಗೆ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇಕಡಾ 1. ತಿಂಗಳ ಒಂದು ದಿನವಾದರೂ ಪೂರ್ತಿ ತಿಂಗಳೇ. ಇಲಾಖೆ ನನಗೆ ಮರುಪಾವತಿ ಉಳಿಸಿಕೊಂಡರೆ ಅದು ಕೊಡುವುದು ತಿಂಗಳಿಗೆ ಶೇಕಡಾ ಅರ್ಧ. ನನಗೆ ವರ್ಷ ಮುಗಿದ ಮೇಲೆ ನಾಲ್ಕು ತಿಂಗಳು. ನಾನು ಕೊಟ್ಟದ್ದನ್ನು ಪರಿಶೀಲಿಸಿ ತಿಳಿಸಲು ಅದಕ್ಕೆ, ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳು. ಜುಲೈಯಲ್ಲಿ ಕೊಟ್ಟವನು ಮುಂದಿನ ವರ್ಷದ ಡಿಸೆಂಬರಿನವರೆಗೆ ಕಾಯಬೇಕಾಗಬಹುದು. ಇನ್ನು ನಾನು ಗಡುವು ತಪ್ಪಿದರೆ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳುವ ಹಕ್ಕೇ ಆ ವರ್ಷಕ್ಕೆ ಹೋಗುತ್ತದೆ. ಮನೆಸಾಲದ ಬಡ್ಡಿ, ವಿಮೆ ಎಂದು ಲೆಕ್ಕ ಹಾಕಿಟ್ಟುಕೊಂಡವನಿಗೆ ಆರು ನಿಮಿಷದ ಬೆಲೆ ಎಷ್ಟು ಸಾವಿರವೋ. ಇದು ಕಂತಿನ ಕಿಸ್ತಾಯಿತು, ಇನ್ನೊಂದು ಅರ್ಥದ ಕಿಸ್ತಲ್ಲ.

ಎರಡು ಕಡೆಯೂ ಓಡುವ ಗಡಿಯಾರ ಸಾಧ್ಯವೇ ಇಲ್ಲ ಎನ್ನುವವರಿಗೆ ನಾನು ನಮ್ಮ ಸಕಾಲ ತೋರಿಸುತ್ತೇನೆ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಜಾರಿ. ಜಾತಿ ಪ್ರಮಾಣಪತ್ರಕ್ಕೋ ಖಾತೆ ಬದಲಾವಣೆಗೋ ಅರ್ಜಿ ಕೊಟ್ಟರೆ ಒಂದು ಸಂಖ್ಯೆ, ಒಂದು ಕೊನೆಯ ದಿನ. ಆ ದಿನ ದಾಟಿದರೆ ದಿನಕ್ಕೆ 20 ರೂಪಾಯಿಯಂತೆ, 500ರವರೆಗೆ ಅರ್ಜಿದಾರನಿಗೆ ಪರಿಹಾರ, ಅದೂ ಅಧಿಕಾರಿಯ ಸಂಬಳದಿಂದ. ಮೊತ್ತ ಜುಜುಬಿ, ಕೇಳಿ ಪಡೆದವರೂ ಕಡಿಮೆ. ಇಲ್ಲಿ ಒಂದು ದಿನದ ದಂಡ 500, ಅಲ್ಲಿ ಒಟ್ಟು ಪರಿಹಾರದ ಮಿತಿ 500. ಆದರೂ ಕಚೇರಿಯ ತಲೆಯ ಮೇಲೆ ಗಡಿಯಾರ ಕಟ್ಟಿದ ಕಾನೂನು ಕನ್ನಡ ನಾಡಿನಲ್ಲೇ ಇದೆ.

ಗಡಿಯಾರ ಯಾವ ಊರಿನದು ಎಂಬುದಕ್ಕೂ ಉತ್ತರ ಇಲ್ಲದೇ ಇಲ್ಲ. ಅಮೆರಿಕದ ನಿಯಮದಲ್ಲಿ ಅಂಚೆ ಮುದ್ರೆಯ ದಿನವೇ ಸಲ್ಲಿಸಿದ ದಿನ. ಇ-ಫೈಲಿಂಗ್ ಬಂದಾಗ ಅವರು ಅದನ್ನು ಬಿಡಲಿಲ್ಲ. ವಿದ್ಯುನ್ಮಾನ ಅಂಚೆ ಮುದ್ರೆ ಎಂದು ಮಾಡಿ, ಕಳಿಸುವ ಏಜೆಂಟನ ಊರೂ ತೆರಿಗೆದಾರನ ಊರೂ ಬೇರೆ ಬೇರೆ ಕಾಲವಲಯದಲ್ಲಿದ್ದರೆ ತೆರಿಗೆದಾರನ ಊರಿನ ಗಡಿಯಾರವೇ ಪ್ರಮಾಣ ಎಂದರು. ಹೊರದೇಶದಲ್ಲಿ ಬದುಕುವ ಅಮೆರಿಕನ್ನರಿಗೆ ಏಪ್ರಿಲ್ 15ರ ಬದಲು ಜೂನ್ 15ರವರೆಗೆ, ಕೇಳದೆಯೇ, ಹೊತ್ತು ಸಿಗುತ್ತದೆ (ತೆರಿಗೆಯ ಮೇಲಿನ ಬಡ್ಡಿ ಬಿಡುವುದಿಲ್ಲ, ಅದು ಸರಿಯೇ). 2018ರಲ್ಲಿ ಕೊನೆಯ ದಿನವಾದ ಏಪ್ರಿಲ್ 17ರಂದೇ ಅವರ ಯಂತ್ರಗಳು ಕುಸಿದವು. ಅಂದೇ ಒಂದು ದಿನ ಹೆಚ್ಚು ಕೊಟ್ಟರು. ಅಲ್ಲಿಯೂ ಕೊನೆಯ ಗಳಿಗೆಯ ಪ್ರಕಟಣೆಯೇ, ಆದರೆ ಸ್ಕ್ರೀನ್‌ಶಾಟ್ ಯಾರೂ ಕೇಳಲಿಲ್ಲ. ಅಮೆರಿಕದ ತೆರಿಗೆ ಕಾನೂನಿನಲ್ಲಿ ನಾವು ಅನುಕರಿಸಬೇಕಾದದ್ದು ಬಹಳ ಇಲ್ಲ. ಇದೊಂದನ್ನು ಮಾತ್ರ ಎರವಲು ತರಬಹುದು.

ಭಾರತದಲ್ಲಿ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ. ಅದರ ಮಸೂದೆ ಮೊದಲು ಬಂದಾಗ, ಗಡುವಿನೊಳಗೆ ರಿಟರ್ನ್ ಕೊಡದವನಿಗೆ ಮರುಪಾವತಿಯೇ ಇಲ್ಲ ಎನ್ನುವಂಥ ಸಾಲೊಂದು ಇತ್ತು. ಸಂಸತ್ತಿನ ಆಯ್ಕೆ ಸಮಿತಿ ಅದನ್ನು ಹಿಡಿಯಿತು, ಕೊನೆಯ ಪಾಠದಲ್ಲಿ ಅದು ಬಿದ್ದುಹೋಯಿತು. ಓದುವವರು ಇದ್ದರೆ ಕಾನೂನು ತಿದ್ದಿಕೊಳ್ಳುತ್ತದೆ ಎಂಬ ಧೈರ್ಯದಿಂದಲೇ ನಾನು ಇಷ್ಟು ಹೊತ್ತು ಮಾತಾಡಿದ್ದು. ಎಷ್ಟು ಜನ ಇಷ್ಟು ಸಣ್ಣ ಅಕ್ಷರ ಓದುತ್ತಾರೋ ಗೊತ್ತಿಲ್ಲ.

2026ರ ಜುಲೈ 31 ಶುಕ್ರವಾರ. ಊರಿನಲ್ಲಿ ಕೆಲಸದ ದಿನ, ಇಲ್ಲಿ ರಜೆ. ಜುಮ್ಮಾ ಮುಗಿಸಿ, ಬಿರಿಯಾನಿ ಉಂಡು ಒಂದು ನಿದ್ದೆ ತೆಗೆದು ಎದ್ದರೂ ನಿಮಗೆ ನಾಲ್ಕೈದು ತಾಸು ಸಿಗುತ್ತದೆ. ಒಂಬತ್ತೂವರೆ ಎಂದು ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ, ಹನ್ನೆರಡು ಎಂದು ಬೇಡ. ನಮ್ಮ ಮನೆಯಲ್ಲಿ ಸಣ್ಣ ಫೋನಿನ ಪಕ್ಕ, ಗೋಡೆಯ ಮೊಳೆಗೆ, ಅವ್ವ ಇನ್ನೊಂದು ಚಾಳೀಸು ದಾರ ಕಟ್ಟಿ ತೂಗುಹಾಕಿದ್ದಾಳೆ. ಬೇರೆ ಯಾವ ಕೆಲಸಕ್ಕೂ ಅದನ್ನು ಮುಟ್ಟಲು ಬಿಡುವುದಿಲ್ಲ.